ಎಷ್ಟು ತಿಂಗಳು

ಮಗಳು ಶೂ ಲೇಸು ಬಿಗಿದು, ಬಾಗಿಲು ಎಳೆದುಕೊಂಡು, ಮೆಟ್ಟಿಲಿಳಿದು, ಕೆಳಗಿನ ಕಬ್ಬಿಣದ ಗೇಟು ಕಿರುಗುಟ್ಟಿದ್ದು ಕಿವಿಗೆ ಬಿದ್ದ ಮೇಲೆಯೇ ಅವಳು ಮಂಚದ ಅಡಿಯಿಂದ ಚೀಲವನ್ನು ಎಳೆದದ್ದು. ಬಗ್ಗಲು ಆಗುತ್ತಿರಲಿಲ್ಲ. ಕಾಲಿನ ಹೆಬ್ಬೆರಳನ್ನು ಚೀಲದ ಹಿಡಿಗೆ ಸಿಕ್ಕಿಸಿ, ಮಂಚದ ಅಂಚು ಹಿಡಿದುಕೊಂಡು, ಸ್ವಲ್ಪ ಸ್ವಲ್ಪವೇ ಎಳೆದಳು. ತನ್ನದೇ ಮನೆ, ತನ್ನದೇ ಮಂಚ, ತನ್ನದೇ ಹೊಟ್ಟೆ. ಆದರೂ ಮೂರು ದಿನಗಳಿಂದ ಈ ಕೆಲಸವನ್ನು ಕದ್ದ ಮಾಲು ಬಚ್ಚಿಡುವವಳ ಹಾಗೆ ಮಾಡುತ್ತಿದ್ದಾಳೆ. ಮಗಳು ಒಳಗಿದ್ದರೆ ಚೀಲ ಮಂಚದ ಅಡಿಗೆ, ಮಗಳು ಹೊರಗೆ ಹೋದರೆ ಚೀಲ ಮಂಚದ ಮೇಲಕ್ಕೆ. ಚೀಲ ಗಂಡನದು, ಲಿಫ್ಟ್ ರಿಪೇರಿ ಮಾಡುವವನ ಹಳೆಯ ಸಲಕರಣೆಯ ಚೀಲ. ದಪ್ಪ ಬಟ್ಟೆಯದು, ಹೊರಗೆ ಆರು ಜೇಬು. ಮೂರು ಸಲ ಸೋಪಿನ ಪುಡಿಯಲ್ಲಿ ನೆನೆಸಿ ಒಗೆದಿದ್ದರೂ ಜಿಪ್ ಎಳೆದರೆ ಸಾಕು, ಒಳಗಿನಿಂದ ಗ್ರೀಸಿನ ವಾಸನೆ ಮೆಲ್ಲಗೆ ಎದ್ದು ಬರುತ್ತಿತ್ತು. ಹೊಸದೊಂದು ತರೋಣ ಎಂದಿದ್ದ ಅವನು. ನಾಲ್ಕು ದಿನದ ಕೆಲಸಕ್ಕೆ ಹೊಸದು ಯಾಕೆ ಎಂದು ಇವಳೇ ಬೇಡ ಎಂದಿದ್ದಳು. "ಹಾಗಾದ್ರೆ ಮಗು ಸ್ಪ್ಯಾನರ್ ಹಿಡ್ಕೊಂಡೇ ಹುಟ್ಟುತ್ತೆ ಬಿಡು, ನನಗೂ ಒಬ್ಬ ಅಸಿಸ್ಟೆಂಟ್ ಸಿಕ್ಕಿದ ಹಾಗಾಯ್ತು" ಎಂದು ನಕ್ಕಿದ್ದ. ಅವನಿಗೆ ನಗುವುದು ಸುಲಭ. ಅವನ ಮೈ ಅವನ ಗುಟ್ಟನ್ನು ಬೀದಿಯಲ್ಲಿ ಯಾರಿಗೂ ಹೇಳುವುದಿಲ್ಲ.

ಆಸ್ಪತ್ರೆಯವರು ಕೊಟ್ಟ ಪಟ್ಟಿ ದಿಂಬಿನ ಮೇಲಿತ್ತು. ಮುಂದೆ ಗುಂಡಿಯಿರುವ ನೈಟಿ, ಎರಡು. ಟವೆಲು, ಎರಡು. ಹಳೆಯ ಮೆತ್ತನೆಯ ಹತ್ತಿ ಬಟ್ಟೆ, ಸಾಕಷ್ಟು. ಸಾಕಷ್ಟು ಅಂದರೆ ಎಷ್ಟು ಎಂದು ಮೊನ್ನೆಯಿಂದ ಯೋಚಿಸುತ್ತಿದ್ದಾಳೆ. ಕೆಲಸದಲ್ಲಿ ಅವಳಿಗೆ ಇಂಥ ಮಾತು ಆಗುವುದಿಲ್ಲ. ಹಲ್ಲಿನ ಲ್ಯಾಬಿನಲ್ಲಿ ಹದಿನಾರು ವರ್ಷಗಳಿಂದ ಕಟ್ಟು ಹಲ್ಲುಗಳ ಅಚ್ಚು ತೆಗೆಯುವವಳು ಅವಳು. ಅಲ್ಲಿ ಪ್ರತಿ ದವಡೆಗೂ ಒಂದು ತಟ್ಟೆ, ಪ್ರತಿ ತಟ್ಟೆಗೂ ಒಂದು ಚೀಟಿ, ಪುಡಿ ಇಷ್ಟು ನೀರು ಇಷ್ಟು ಎಂದು ಅಳತೆ. ರಜೆ ಹಾಕಿ ಹೊರಟ ದಿನ ಲ್ಯಾಬಿನ ಯಜಮಾನ ಸಾಲಾಗಿ ಇಟ್ಟ ಬಿಳಿ ಅಚ್ಚುಗಳ ಕಡೆ ಕೈ ತೋರಿಸಿ, "ಅಕ್ಕಾ, ನೀವು ಹೋದ್ರೆ ಈ ಬಾಯಿಗಳಿಗೆಲ್ಲ ಯಾರು ಗತಿ?" ಎಂದಿದ್ದ. ಅವನು ಒಳ್ಳೆಯವನು. ಆದರೆ ಅವನಿಗೂ ವಿಷಯ ಹೇಳುವಾಗ ಅವಳು ಗೋಡೆಯ ಕ್ಯಾಲೆಂಡರನ್ನೇ ನೋಡಿಕೊಂಡು ಹೇಳಿದ್ದಳು, ಸಾಮಾನು ಒಡೆದುಹಾಕಿದ್ದನ್ನು ಒಪ್ಪಿಕೊಳ್ಳುವವಳ ಹಾಗೆ. ನಲವತ್ತೆರಡು. ಮನೆಯಲ್ಲಿ ಹತ್ತೊಂಬತ್ತು ವರ್ಷದ ಮಗಳು. ಅವನು ಎರಡನ್ನೂ ಮನಸ್ಸಿನಲ್ಲೇ ಕಳೆದು ನೋಡಿದ್ದು ಅವಳಿಗೆ ಕಂಡಿತ್ತು.

ಮೊದಲ ನೈಟಿಯನ್ನು ಮಡಿಸಿದಳು. ಬಿಚ್ಚಿ ಮತ್ತೆ ಮಡಿಸಿದಳು. ಆ ಬೆಂಚು ಕಣ್ಣ ಮುಂದೆ ಬಂತು, ಆಸ್ಪತ್ರೆಯ ಬಾಗಿಲಿನ ಪಕ್ಕದ ಆ ಉದ್ದ ಬೆಂಚು, ಒಂದು ತುದಿಯಲ್ಲಿ ಯಾರಾದರೂ ಎದ್ದರೆ ಇನ್ನೊಂದು ತುದಿ ತಗ್ಗುತ್ತಿದ್ದದ್ದು. ಐದನೆಯ ತಿಂಗಳು. ಗಂಡನಿಗೆ ಅವತ್ತು ಹನ್ನೆರಡು ಮಹಡಿಯ ಕಟ್ಟಡದಲ್ಲಿ ಕೆಲಸ. "ಇರುವೇ, ಅಮ್ಮನ ಜೊತೆ ನೀನು ಹೋಗಿ ಬಾರೇ" ಎಂದು ಮಗಳನ್ನು ಕಳಿಸಿದ್ದ. ಚಿಕ್ಕವಳಿದ್ದಾಗ ಸಕ್ಕರೆ ಡಬ್ಬಿಯಿಂದ ಅಲ್ಲಾಡದ ಹುಡುಗಿಗೆ ಅವನೇ ಇಟ್ಟ ಹೆಸರು. ಮಗಳಿಗೆ ಆಗಲೇ ವಿಷಯ ಗೊತ್ತಾಗಿ ಮೂರು ವಾರವಾಗಿತ್ತು. ಮುಖ ಉಬ್ಬಿಸಿಕೊಂಡೇ ಬಂದಿದ್ದಳು. ಕಿಟಕಿಯ ಗುಮಾಸ್ತೆ ಹೆಸರು, ವಯಸ್ಸು ಎಲ್ಲ ಕೇಳಲು ಪೆನ್ನು ತೆಗೆದು, ತಲೆಯೆತ್ತಿ, ಇವಳ ಭುಜದ ಮೇಲಿಂದ ಹಿಂದೆ ನಿಂತ ಮಗಳನ್ನು ನೋಡಿ, "ಎಷ್ಟು ತಿಂಗಳಮ್ಮಾ ನಿನಗೆ?" ಎಂದಳು. ಕೆಟ್ಟದಾಗಿ ಕೇಳಲಿಲ್ಲ, ಅಕ್ಕರೆಯಿಂದಲೇ ಕೇಳಿದಳು. ಮಗಳ ಕಿವಿಯ ತುದಿ ಕೆಂಪಾಯಿತು. "ನಾನಲ್ಲ. ಇವರು." ಇವರು. ಗುಮಾಸ್ತೆ ಇವಳನ್ನು ತಲೆಯಿಂದ ಕಾಲಿನವರೆಗೆ ನೋಡಿ, "ಓ, ಇವರಾ" ಎಂದು ಬರೆದುಕೊಂಡಳು. ಬೆಂಚಿನ ಮೇಲಿದ್ದ ಹೆಂಗಸರು ಬಾಯಿ ಮುಚ್ಚಿಕೊಂಡು ನಕ್ಕದ್ದು ಬೆಂಚಿನ ನಡುಕದಲ್ಲೇ ಗೊತ್ತಾಯಿತು. ಹೊರಗೆ ಬಂದ ಮೇಲೆ ಮಗಳು ನಾಲ್ಕು ಹೆಜ್ಜೆ ಮುಂದೆ ನಡೆದಳು. ಆಮೇಲೆ ಒಂದು ದಿನವೂ ಜೊತೆಗೆ ಬರಲಿಲ್ಲ.

ಅಂದಿನಿಂದ ಮನೆಯಲ್ಲಿ ಎಲ್ಲ ಮಾತೂ ಗಂಡನ ಮೂಲಕವೇ. "ಅಪ್ಪಾ, ಅಮ್ಮನಿಗೆ ಹೇಳು, ನನ್ನ ನೀಲಿ ಸಾಕ್ಸು ಕಾಣ್ತಿಲ್ಲ." ಅಮ್ಮ ಎರಡು ಮೊಳ ದೂರದಲ್ಲಿ ತಟ್ಟೆ ಒರೆಸುತ್ತಿರುತ್ತಾಳೆ. "ಹೇಳು ಅವಳಿಗೆ, ಹಗ್ಗದ ಮೇಲೇ ಇದೆ ಅಂತ." ನಡುವೆ ಗಂಡ ಅನ್ನ ಕಲಸುತ್ತಾ, "ಈ ಮನೇಲಿ ನನಗೆ ಎರಡು ಡ್ಯೂಟಿ. ಹಗಲು ಲಿಫ್ಟು, ಸಂಜೆ ಟೆಲಿಫೋನು" ಎನ್ನುತ್ತಿದ್ದ. ಒಂದು ದಿನ ಮಾತ್ರ ಮಗಳು ನೇರವಾಗಿ ಮಾತಾಡಿದ್ದಳು, ಅದೂ ಕನ್ನಡಿಯಲ್ಲಿ ಕಂಡ ಅಮ್ಮನೊಂದಿಗೆ. "ಯಾರಿಗಾದ್ರೂ ಹೇಳ್ಕೊಳ್ಳೋ ವಿಷಯಾನಾ ಇದು?" ತಲೆ ಬಾಚುತ್ತಿದ್ದ ಮಗಳ ಕೈ ನಿಂತಿತು, ಕನ್ನಡಿಯಲ್ಲಿ ಇವಳು ತಲೆ ತಗ್ಗಿಸಿದಳು. ಏನು ಉತ್ತರ ಕೊಡಬಹುದಿತ್ತು? ತಪ್ಪು ಮಾಡಿಲ್ಲ ಎಂದರೆ ತಪ್ಪು ಮಾಡಿದವಳ ದನಿ ಬರುತ್ತಿತ್ತು. ತಪ್ಪಾಯಿತು ಎಂದರೆ ಒಳಗಿರುವುದು ಕೇಳಿಸಿಕೊಳ್ಳುತ್ತಿತ್ತು. ಅದು ಆಗ ತಾನೇ ಒದೆಯಲು ಕಲಿತಿತ್ತು.

ನೈಟಿಯ ಮೇಲೆ ಟವೆಲು, ಟವೆಲಿನ ಮೇಲೆ ಬಟ್ಟೆ. ಬಾಚಣಿಗೆ, ಸೋಪು, ಮುಚ್ಚಳವಿರುವ ಲೋಟ, ಫೋನಿನ ಚಾರ್ಜರು ಹೊರಗಿನ ಜೇಬುಗಳಿಗೆ. ಮೊದಲು ಇಕ್ಕಳ, ಟೆಸ್ಟರು ಇರುತ್ತಿದ್ದ ಜೇಬುಗಳಿಗೆ. ಪಟ್ಟಿಯ ಕೊನೆಯಲ್ಲಿ ಮಗುವಿನವು: ಟೋಪಿ, ಕಾಲುಚೀಲ, ಎದುರು ಕಟ್ಟುವ ಅಂಗಿ ಆರು, ಹೊದಿಕೆ. ಅವೆಲ್ಲ ಒಂದು ಪೊಟ್ಟಣದಲ್ಲಿದ್ದವು, ಬಟ್ಟೆಗಳ ಕಪಾಟಿನ ತೀರಾ ಹಿಂದೆ. ತಂದು ಹನ್ನೊಂದು ದಿನವಾಗಿದ್ದರೂ ಅದರ ದಾರ ಬಿಚ್ಚಿರಲಿಲ್ಲ. ಈಗ ಪೊಟ್ಟಣವನ್ನು ಮಂಚದ ಮೇಲಿಟ್ಟು ಅದರ ಎದುರು ಕೂತಳು. ಬಿಚ್ಚದೆ ಹಾಗೆಯೇ ಚೀಲಕ್ಕೆ ಹಾಕಿಬಿಟ್ಟರಾಯಿತಲ್ಲ; ಆಸ್ಪತ್ರೆಯಲ್ಲಿ ನರ್ಸು ಬಿಚ್ಚುತ್ತಾಳೆ. ಆದರೆ ಒಗೆಯದ ಹೊಸ ಬಟ್ಟೆಯನ್ನು ಅಷ್ಟು ಎಳೆಯ ಮೈಗೆ ಹಾಕುವುದುಂಟೇ.

ಅಂಗಡಿಗೆ ಹೋದ ದಿನ ಬೆಳಿಗ್ಗೆ ಚಳಿ ಇತ್ತು. ಗಂಡನ ದೊಡ್ಡ ಕೋಟು ಹಾಕಿಕೊಂಡು ಹೋಗಿದ್ದಳು, ಕುತ್ತಿಗೆಯವರೆಗೆ ಗುಂಡಿ. ಮೊದಲೇ ದಪ್ಪ ಮೈಯವಳು. ಕೋಟಿನೊಳಗೆ ಎಲ್ಲ ಒಂದೇ ಆಕಾರವಾಗಿ ಕಾಣುತ್ತಿತ್ತು. ನಾಲ್ಕು ಬೀದಿ ದಾಟಿ, ತನ್ನನ್ನು ಯಾರೂ ಅರಿಯದ ಅಂಗಡಿಯನ್ನೇ ಹುಡುಕಿಕೊಂಡು ಹೋಗಿದ್ದಳು. ಕಿರಿದಾದ ಅಂಗಡಿ, ಸೂರಿನಿಂದ ತೂಗುಹಾಕಿದ ಗೊಂಬೆಯಂಥ ಅಂಗಿಗಳು. ಅಂಗಡಿಯಾಕೆಗೆ ಅರವತ್ತರ ಆಸುಪಾಸು. ಮಾತಾಡಿದಾಗ ಮೇಲಿನ ಹಲ್ಲಿನ ಸೆಟ್ಟು ಟಕ್ ಎನ್ನುತ್ತಿತ್ತು, ಯಾರೋ ಅವಸರದಲ್ಲಿ ಮಾಡಿದ್ದು, ಅಚ್ಚು ಪೂರ್ತಿ ಗಟ್ಟಿಯಾಗುವ ಮೊದಲೇ ಕಿತ್ತದ್ದು. ಇವಳು ಅದನ್ನು ಗಮನಿಸುತ್ತಿದ್ದಾಗಲೇ ಆಕೆ ಸ್ಟೂಲು ಎಳೆದು ಹಾಕಿದಳು. "ಕೂತ್ಕೊಳ್ಳಿ ಅಮ್ಮಾ. ಮೊಮ್ಮಗುವಿಗಾ?"

"ಹೂಂ."

ಅಷ್ಟೇ. ಬಾಯಿ ತಪ್ಪಿ ಬಂದದ್ದಲ್ಲ. ಬೆಂಚಿನ ಆ ನಡುಕ ಇನ್ನೊಂದು ಸಲ ಬೇಡ ಎಂದು, ಮೈಯೇ ಒಂದು ಕಡೆಗೆ ವಾಲಿದ ಹಾಗೆ ಬಂದ ಉತ್ತರ.

"ಮಗಳಿಗೆ ಎಷ್ಟು ತಿಂಗಳು?"

"ಎಂಟು."

"ಮೊದಲನೇದಲ್ವಾ? ಹೆದರಿರ್ತಾಳೆ ಪಾಪ."

"ತುಂಬಾ ಹೆದರಿದಾಳೆ" ಎಂದಳು. ಆಮೇಲೆ ಮಾತು ತಾನಾಗಿಯೇ ಹರಿಯಿತು. "ಎಡಕ್ಕೆ ಮಲಗಿದ್ರೆ ಎದೆ ಒತ್ತುತ್ತಂತೆ, ಬಲಕ್ಕೆ ಮಲಗಿದ್ರೆ ಕಾಲು ಹಿಡ್ಕೊಳ್ಳುತ್ತಂತೆ. ಮಗು ಸ್ವಲ್ಪ ಹೊತ್ತು ಅಲ್ಲಾಡದಿದ್ರೆ ಉಸಿರು ಬಿಗಿಹಿಡ್ಕೊಂಡು ಕೂತಿರ್ತಾಳೆ. ಯಾರ ಹತ್ರನೂ ಹೇಳ್ಕೊಳ್ಳಲ್ಲ."

"ಹೇಳಿ ಅವಳಿಗೆ, ಏನೂ ಆಗಲ್ಲ ಅಂತ. ತಲೆ ಸವರಿ ಹೇಳಿ. ಈ ಹೊತ್ತಲ್ಲಿ ಒಂದು ಒಳ್ಳೇ ಮಾತು ಸಾಕು ನೋಡಿ, ಟಾನಿಕ್ಕಿಗಿಂತ ಹೆಚ್ಚು." ಟಕ್. ಇವಳ ಕಣ್ಣು ಹನಿಗೂಡಿತು. ಐದು ತಿಂಗಳಲ್ಲಿ ಯಾರೂ ಹೇಳದ ಮಾತು ಅದು. ಮಗಳಿಗೆಂದು ಕಟ್ಟಿಕೊಟ್ಟ ಆ ಮಾತನ್ನು ಬುತ್ತಿಯ ಹಾಗೆ ಅಲ್ಲೇ ಸ್ಟೂಲಿನ ಮೇಲೆ ಕೂತು ಬಿಚ್ಚಿ ತಿಂದಳು. ಅಳಿಯ ಏನು ಮಾಡುತ್ತಾರೆ ಎಂದಾಗ, ಸುಳ್ಳಿಗೆ ಕೈಗೆ ಸಿಕ್ಕಿದ ಸಾಮಾನೇ ಬೇಕಲ್ಲ, "ಲಿಫ್ಟ್ ರಿಪೇರಿ" ಎಂದಳು. ಮಗಳು ಏನು ಮಾಡುತ್ತಾಳೆ ಎಂದು ಕೇಳಿದಾಗ ಏನಾದರೂ ಒಂದು ಹೇಳಿ ಮುಗಿಸಬಹುದಿತ್ತು. ಹೊಲಿಗೆ ಎನ್ನಬಹುದಿತ್ತು, ಮನೆಯಲ್ಲೇ ಇದಾಳೆ ಎನ್ನಬಹುದಿತ್ತು. ಆದರೆ ಮಗಳ ಬಗ್ಗೆ ಕೇಳಿದರೆ ಅವಳ ಎದೆ ಉಬ್ಬುವುದು ಇವತ್ತಿನದಲ್ಲ. "ಗುಡ್ಡದ ಮೇಲಿನ ಕಾಲೇಜಿದೆಯಲ್ಲ, ಅಲ್ಲಿ ಓದ್ತಾಳೆ. ಓಡ್ತಾಳೆ ಕೂಡ. ರಿಲೇಯಲ್ಲಿ ಕೊನೆಯ ಓಟ ಅವಳದೇ. ಮೂರು ಜನ ಕಳ್ಕೊಂಡಿದ್ದನ್ನ ಒಬ್ಬಳೇ ಓಡಿ ತರ್ತಾಳೆ."

"ಓಡ್ತಾಳಾ! ಈಗಲೂ?"

"ಅಯ್ಯೋ, ಈಗೆಲ್ಲಿ. ಬಿಡಿಸಿದೀವಿ."

ಅಂಗಡಿಯಾಕೆ ಕೊನೆಗೆ ಒಂದು ಜೊತೆ ಹಳದಿ ಕಾಲುಚೀಲ ಸೇರಿಸಿ, ಇದು ನನ್ನ ಕಡೆಯಿಂದ, ಮಗಳಿಗೆ ಕೊಡಿ ಎಂದು ಪೊಟ್ಟಣ ಕಟ್ಟಿದಳು. ಮನೆಯ ದಾರಿಯುದ್ದಕ್ಕೂ ಅವಳಿಗೆ ಹಗುರವಾಗಿತ್ತು. ಲ್ಯಾಬಿನಲ್ಲಿ ಅಚ್ಚಿನ ಪುಡಿಗೆ ನೀರು ಕಲಸಿ ಎರೆದ ಮೇಲೆ ಅದು ಗಟ್ಟಿಯಾಗುತ್ತಾ ಆಗುತ್ತಾ ಬಿಸಿಯಾಗುತ್ತದೆ. ಚಳಿಯ ದಿನ ಹುಡುಗಿಯರು ಅದನ್ನು ಅಂಗೈಯಲ್ಲಿ ಹಿಡಿದುಕೊಂಡು ಬೆಚ್ಚಗಾಗುತ್ತಾರೆ. ಬಿಸಿ ಆರಿದ ಮೇಲೆ ತಿದ್ದುವುದಕ್ಕಾಗುವುದಿಲ್ಲ, ಒಡೆಯಬೇಕಷ್ಟೇ. ಅವಳ ಹಗುರ ಮೆಟ್ಟಿಲು ಹತ್ತುವಷ್ಟರಲ್ಲಿ ಆರಿತು. ಬಾಗಿಲು ತೆರೆದ ಮಗಳು ಪೊಟ್ಟಣ ನೋಡಿ, ಏನು ಎಂದು ಕೇಳದೆ ಒಳಗೆ ಹೋದಳು. ಅವಳ ಕಣಕಾಲುಗಳನ್ನು, ಹಿಮ್ಮಡಿಯ ಮೇಲಿನ ಆ ತೆಳ್ಳನೆಯ ಗಟ್ಟಿ ನರವನ್ನು ಹಿಂದಿನಿಂದ ನೋಡುತ್ತಾ, 'ಬಿಡಿಸಿದೀವಿ' ಎಂದ ತನ್ನ ನಾಲಿಗೆಯನ್ನು ಇವಳು ಹಲ್ಲಿನ ನಡುವೆ ಕಚ್ಚಿ ಹಿಡಿದಿದ್ದಳು.

ಈಗ ದಾರ ಎಳೆದಳು. ಗಂಟು ಬಿಗಿಯಾಗಿತ್ತು, ಉಗುರಿನಿಂದ ಕಿತ್ತಳು. ಟೋಪಿಗಳು ಮಂಚದ ಮೇಲೆ ಉರುಳಿದವು. ಒಂದನ್ನು ಮುಷ್ಟಿಗೆ ತೊಡಿಸಿ ನೋಡಿದಳು. ಇಷ್ಟೇ ತಲೆ. ಇಷ್ಟು ತಲೆಯೊಳಗೆ ಮುಂದೊಂದು ದಿನ ಅಮ್ಮನ ಬಗೆಗಿನ ನಾಚಿಕೆಯೂ ಬಂದು ಕೂರುತ್ತದೆ ಎಂದು ಅನಿಸಿ, ಮುಷ್ಟಿ ಬಿಡದೆ ಹಾಗೆಯೇ ಕೂತಿದ್ದಳು. ಗೇಟು ಕಿರುಗುಟ್ಟಿದ್ದು ಕೇಳಿಸಲಿಲ್ಲ. ಕೀಲಿ ತಿರುಗಿದ್ದು ಕೇಳಿಸಿತು. ಗಂಟೆ ಹನ್ನೊಂದೂ ಆಗಿರಲಿಲ್ಲ. ಚೀಲ ಬಾಯಿ ತೆರೆದುಕೊಂಡು ಮಂಚದ ಮೇಲಿತ್ತು, ಅದರ ಸುತ್ತ ಅಂಗಿ, ಟೋಪಿ, ಹಳದಿ ಕಾಲುಚೀಲ. ಬಚ್ಚಿಡುವಷ್ಟು ಹೊತ್ತಿರಲಿಲ್ಲ, ಬಗ್ಗುವಷ್ಟು ಸೊಂಟವೂ ಇರಲಿಲ್ಲ. ಮಗಳು ಕೋಣೆಯ ಬಾಗಿಲಲ್ಲಿ ನಿಂತಳು. ಶೂ ಬಿಚ್ಚಿರಲಿಲ್ಲ. ಮಂಚವನ್ನು ನೋಡಿದಳು, ಅಮ್ಮನ ಮುಷ್ಟಿಯ ಮೇಲಿದ್ದ ಟೋಪಿಯನ್ನು ನೋಡಿದಳು.

"ನನಗೆ ಎಷ್ಟು ತಿಂಗಳಮ್ಮಾ?"

ಅವಳು ಟೋಪಿ ತೆಗೆದಳು. ತಡವಾಗಿ ತೆಗೆದಳು.

"ಹೇಳು. ಕಾಲೇಜಲ್ಲಿ ಎಲ್ಲರಿಗೂ ಗೊತ್ತಿದೆ, ಒಬ್ರು ಮೂರು ಅಂತಾರೆ, ಒಬ್ರು ನಾಲ್ಕು. ನನಗೊಬ್ಬಳಿಗೇ ಗೊತ್ತಿಲ್ಲ."

"ಯಾರು..."

"ನಿನ್ನ ಬಟ್ಟೆ ಅಂಗಡಿಯವರ ತಂಗಿ ಮಗಳು ನನ್ನ ಕ್ಲಾಸು. ರಿಲೇಲಿ ಕೊನೇ ಓಟ ಓಡೋರು ಆ ಕಾಲೇಜಲ್ಲಿ ಎಷ್ಟು ಜನ ಇದಾರೆ ಅಂದ್ಕೊಂಡೆ? ಲಿಫ್ಟ್ ರಿಪೇರಿಯವನನ್ನ ಗುಟ್ಟಾಗಿ ಮದುವೆ ಆಗಿದೀನಂತೆ. ಗುಟ್ಟಾಗಿ! ಅಪ್ಪನ ಕೆಲಸನೂ ಬಿಡ್ಲಿಲ್ಲ ನೀನು." ಮಗಳ ದನಿ ನಗುವಿನ ಕಡೆಗೆ ಹೋಗಿ ನಡುವೆ ಒಡೆಯಿತು. "ನಾಲ್ಕು ದಿನ ಆಯ್ತು. ಎಲ್ಲರೂ ಮೊದಲು ಹೊಟ್ಟೆ ನೋಡ್ತಾರೆ, ಆಮೇಲೆ ಮುಖ. ಊಟ ಜಾಸ್ತಿ ಮಾಡಿದ್ರೂ ನಗ್ತಾರೆ, ಕಮ್ಮಿ ಮಾಡಿದ್ರೂ ನಗ್ತಾರೆ. ಇವತ್ತು ಆಟದ ಮೇಷ್ಟ್ರು ಕರೆದ್ರು. ಬಾಗಿಲು ಪೂರ್ತಿ ತೆರೆದಿಟ್ಟು, 'ನೋಡಮ್ಮಾ, ನಿನ್ನ ಒಳ್ಳೇದಕ್ಕೇ ಹೇಳ್ತಿದೀನಿ, ಈ ಸಲ ನೀನು ಓಡೋದು ಬೇಡ, ಒಂದು ಗಂಟೆಗೆ ಟೀಮಿನ ಪಟ್ಟಿ ಕಳಿಸ್ಬೇಕು' ಅಂದ್ರು. ಅಲ್ಲ ಸಾರ್, ಸುಳ್ಳು ಅಂದೆ. ನಂಬ್ತೀನಿ ಅಂದ್ರು. ನಂಬ್ತೀನಿ ಅನ್ನೋವಾಗ್ಲೂ ಹೊಟ್ಟೆನೇ ನೋಡ್ತಿದ್ರು."

ಅವಳಿಗೆ ನೆಲ ಬಾಯಿಬಿಡಬಾರದೇ ಎನಿಸಿತು. ಬಾಯಿಗೆ ಬಂದ ಎಲ್ಲ ಮಾತೂ ತನ್ನನ್ನು ಉಳಿಸಿಕೊಳ್ಳುವ ಮಾತೇ ಆಗಿತ್ತು: ಆಕೆಯೇ ಹಾಗೆ ಕೇಳಿದಳು, ನಾನು ಹೂಂ ಅಂದೆ ಅಷ್ಟೇ, ಇಷ್ಟು ದೂರ ಹೋಗುತ್ತದೆಂದು ಯಾರಿಗೆ ಗೊತ್ತು. ಒಂದೊಂದನ್ನೂ ನುಂಗಿದಳು. "ನಾಚಿಕೆ ಆಯ್ತು" ಎಂದಳು ಕೊನೆಗೆ. "ನನ್ನದು ಅಂತ ಹೇಳೋಕೆ ನಾಚಿಕೆ ಆಯ್ತು. ನಿನ್ನ ಮೇಲೆ ಹಾಕ್ಬಿಟ್ಟೆ."

ಮಗಳು ಬಾಗಿಲ ಚೌಕಟ್ಟಿಗೆ ಒರಗಿದಳು. ಕೂಗಾಡಲು ಸಿದ್ಧವಾಗಿ ಬಂದವಳಿಗೆ ಎದುರಿನ ಗೋಡೆ ತಾನೇ ಬಿದ್ದುಹೋದ ಹಾಗಾಗಿರಬೇಕು.

"ನೀನು ಹೇಳ್ಬಹುದಿತ್ತಲ್ಲಾ ಮೇಷ್ಟ್ರಿಗೆ" ಎಂದಳು ಇವಳು, ಮೆಲ್ಲಗೆ. ದೂರುವುದಕ್ಕಲ್ಲ; ನಿಜವಾಗಿ ಅರ್ಥವಾಗದೆ ಕೇಳಿದ್ದು. "ನನಗಲ್ಲ, ನಮ್ಮಮ್ಮನಿಗೆ ಅಂತ. ಒಂದು ಮಾತಲ್ಲಿ ಮುಗೀತಿತ್ತು."

ಕೆಳಗೆ ಬೀದಿಯಲ್ಲಿ ಯಾರೋ ಗಾಡಿ ಹಿಂದಕ್ಕೆ ತೆಗೆಯುತ್ತಿದ್ದರು. ಮಗಳು ಬಗ್ಗಿ, ಬಿಚ್ಚದ ಶೂ ಲೇಸನ್ನೇ ಮತ್ತೆ ಬಿಗಿದಳು.

"ಬಾಯಿ ಬರ್ಲಿಲ್ಲ" ಎಂದಳು.

ಇವಳಿಗೆ ಆ ಮಾತು ಎದೆಗೆ ಬಡಿದು, ಅಲ್ಲಿಂದ ನಿಧಾನವಾಗಿ ಕೆಳಗಿಳಿಯಿತು. ನಾಲ್ಕು ದಿನ ಇಡೀ ಕಾಲೇಜಿನ ಕಣ್ಣನ್ನು ತನ್ನ ಹೊಟ್ಟೆಯ ಮೇಲೆ ಹೊತ್ತುಕೊಂಡು ತಿರುಗಿದ್ದಾಳೆ ಹುಡುಗಿ. ಓಟ ಹೋದರೂ ಹೋಗಲಿ, ನಮ್ಮಮ್ಮ ಎಂಬ ಒಂದು ಮಾತು ಹೇಳಲಾಗದೆ. ಇದೇನು ಬೇರೆ ಯಾರದೋ ಗುಣವೇ? ಸ್ಟೂಲಿನ ಮೇಲೆ ಕೂತು ಹೂಂ ಎಂದವಳದೇ. ಮೂಗು ಅಪ್ಪನದು, ಕಾಲು ಅಪ್ಪನದು, ಇದೊಂದು ಮಾತ್ರ ನನ್ನದು ಎಂದುಕೊಂಡಳು. ಅಂಥ ಹೊತ್ತಿನಲ್ಲೂ ನಗು ಬರುವ ಹಾಗಾಯಿತು, ಬರಲಿಲ್ಲ. ಒಳಗಿದ್ದದ್ದು ಪಕ್ಕೆಯ ಕೆಳಗೆ ಹಿಮ್ಮಡಿ ಊರಿ ಹೊರಳಿತು.

ಮಂಚದ ಅಂಚು ಹಿಡಿದು ಎದ್ದಳು. "ನಡಿ."

"ಎಲ್ಲಿಗೆ?"

"ಕಾಲೇಜಿಗೆ. ಒಂದು ಗಂಟೆ ಅಂದ್ಯಲ್ಲ."

"ಹುಚ್ಚಾ ನಿನಗೆ? ಅಷ್ಟು ಮೆಟ್ಟಿಲಿದೆ ಅಲ್ಲಿ. ಫೋನ್ ಮಾಡು, ಮೇಷ್ಟ್ರ ನಂಬರ್ ಕೊಡ್ತೀನಿ."

"ಫೋನಲ್ಲಿ ಹೊಟ್ಟೆ ಕಾಣಲ್ಲ."

ಇವಳು ಕಪಾಟು ತೆರೆದಳು. ಐದು ತಿಂಗಳಿಂದ ಹಾಕಿದ್ದೆಲ್ಲ ಚೀಲದಂಥ ಬಟ್ಟೆಗಳೇ, ಆಕಾರ ಅಡಗಿಸುವಂಥವು. ಕೊನೆಯಲ್ಲಿ ಒಂದು ಹಸಿರು ಅಂಗಿ ಸಿಕ್ಕಿತು, ಈಗ ಎದೆಯ ಕೆಳಗೆ ಬಿಗಿಯಾಗಿ ಹಿಡಿಯುವಂಥದ್ದು. ತಲೆಯ ಮೇಲಿಂದ ಎಳೆದುಕೊಳ್ಳುವಾಗ ಕೈ ಸಿಕ್ಕಿಕೊಂಡು, ಕತ್ತಲಲ್ಲಿ, ಬಟ್ಟೆಯೊಳಗೆ ಉಸಿರಾಡುತ್ತಾ ನಿಂತಳು. ಯಾರೋ ಬೆನ್ನ ಹಿಂದೆ ಬಂದು ಅಂಗಿಯ ಅಂಚನ್ನು ಹಿಡಿದು ಕೆಳಕ್ಕೆ ಎಳೆದರು. ತಲೆ ಹೊರಗೆ ಬಂದಾಗ ಮಗಳು ಆಗಲೇ ಬಾಗಿಲ ಹತ್ತಿರ ಹೋಗಿ ಕೀಲಿ ಹುಡುಕುತ್ತಿದ್ದಳು.

ನಡೆದು ಹೋದರೆ ಮಗಳಿಗೆ ಹದಿನೈದು ನಿಮಿಷದ ದಾರಿ. ಇವಳಿಗೆ ಎಷ್ಟೋ. ಹಸಿರು ಅಂಗಿಯಲ್ಲಿ ಬೀದಿಗೆ ಬಿದ್ದ ಕೂಡಲೇ ಬಟ್ಟೆಯೇ ಇಲ್ಲದೆ ಬಂದ ಹಾಗೆನಿಸಿತು. ಬೀಗ ರಿಪೇರಿಯವನು ನೋಡಿದ. ಬಸ್ಸಿಗೆ ಕಾಯುತ್ತಿದ್ದ ಇಬ್ಬರು ಹೆಂಗಸರು ನೋಡಿದರು, ಒಬ್ಬಳು ಇನ್ನೊಬ್ಬಳ ಕಿವಿಗೆ ಬಾಯಿ ಹಚ್ಚಿದಳು. ನೋಡಲಿ, ಎಂದುಕೊಂಡಳು. ಆದರೆ ನೋಡಲಿ ಎಂದುಕೊಳ್ಳುವುದು ಬೇರೆ, ನೋಡಿಸಿಕೊಳ್ಳುವುದು ಬೇರೆ. ಪ್ರತಿ ಸಲವೂ ಕೈ ತಾನಾಗಿಯೇ ಹೊಟ್ಟೆಯ ಮೇಲೆ ಅಡ್ಡ ಬರುತ್ತಿತ್ತು, ಪ್ರತಿ ಸಲವೂ ಅದನ್ನು ಇಳಿಸುತ್ತಿದ್ದಳು. ಮಗಳು ಮುಂದೆ ನಡೆಯುತ್ತಿದ್ದಳು, ಮೂರು ನಾಲ್ಕು ಹೆಜ್ಜೆ. ತಿರುವಿನಲ್ಲಿ ನಿಂತು, ಇವಳು ಬಂದು ಸೇರುವ ಮೊದಲೇ ಮತ್ತೆ ಹೊರಡುತ್ತಿದ್ದಳು. ಹಿಂದೆ ಇವಳ ಹೆಜ್ಜೆಗೆ ಆ ಪುಟ್ಟ ಕಾಲು ಓಡೋಡಿ ಬರುತ್ತಿದ್ದ ಕಾಲವೊಂದಿತ್ತು. ಅಮ್ಮಾ ನಿಲ್ಲು, ಅಮ್ಮಾ ನಿಲ್ಲು ಎನ್ನುತ್ತಾ. ಲ್ಯಾಬಿಗೆ ಹೊತ್ತಾಯಿತೆಂದು ನಿಲ್ಲದೆ ನಡೆದ ಬೆಳಗುಗಳು. ಓಡುವುದನ್ನು ಹುಡುಗಿ ಅಲ್ಲೇ ಕಲಿತಳೋ ಏನೋ.

ಏರಿನ ಅರ್ಧದಲ್ಲಿ ಸೊಂಟ ಹಿಡಿದುಕೊಂಡಿತು. ಒಂದು ಮೋಟು ಗೋಡೆಗೆ ಕೈಯೂರಿ ನಿಂತಳು.

"ಏನಾಯ್ತು?" ಮಗಳು ಹಿಂದಿರುಗಿ ಬಂದಳು. "ಈಗಲೇ ಬಂತಾ?"

"ಇಲ್ಲ ಇಲ್ಲ. ಉಸಿರು."

"ಇಲ್ಲೇ ಏನಾದ್ರೂ ಆಗ್ಬಿಟ್ರೆ ನಾನೇನು ಮಾಡ್ಲಿ ಹೇಳು?" ಸಿಟ್ಟಿನ ದನಿಯೇ, ಆದರೆ ಸಿಟ್ಟಿನ ಕೆಳಗೆ ಬೇರೊಂದಿತ್ತು, ಎಡಕ್ಕೆ ಮಲಗಿದರೂ ಬಲಕ್ಕೆ ಮಲಗಿದರೂ ಇವಳನ್ನು ಬಿಡದಂಥದ್ದು. ಹಾಗಾದರೆ ಮಗಳಿಗೂ ಹೆದರಿಕೆ ಇದೆ. ಅಂಗಡಿಯಲ್ಲಿ ಹೇಳಿದ್ದು ಅಷ್ಟರ ಮಟ್ಟಿಗೆ ಸುಳ್ಳಲ್ಲ.

"ಏನೂ ಆಗಲ್ಲ" ಎಂದಳು. ಅಂಗಡಿಯಾಕೆ ಹೇಳಿದ ಹಾಗೆ ತಲೆ ಸವರಲು ಕೈ ಎತ್ತಿದಳು. ಮಗಳು ತಲೆ ಹಿಂದಕ್ಕೆಳೆದುಕೊಂಡಳು. ಕೈ ಗೋಡೆಗೆ ಮರಳಿತು.

ಕಾಲೇಜಿನ ಮೈದಾನ ಕಟ್ಟಡದ ಹಿಂದೆ, ಇಪ್ಪತ್ತು ಮೆಟ್ಟಿಲು ಕೆಳಗೆ. ಬಿಸಿಲಿನಲ್ಲಿ ಸುಣ್ಣದ ಗೆರೆಗಳು ಕಣ್ಣು ಕುಕ್ಕುತ್ತಿದ್ದವು. ಆರೇಳು ಹುಡುಗಿಯರು ನೆರಳಲ್ಲಿ ಕಾಲು ಚಾಚಿ ಕೂತಿದ್ದರು, ಆಟದ ಮೇಷ್ಟ್ರು ಮಡಿಸುವ ಕುರ್ಚಿಯಲ್ಲಿ ಕೂತು ಮೊಣಕಾಲಿನ ಮೇಲೆ ಹಲಗೆಯಿಟ್ಟು ಏನೋ ಬರೆಯುತ್ತಿದ್ದರು. ಮೆಟ್ಟಿಲು ಇಳಿಯುವಾಗ ಅವಳಿಗೆ ತನ್ನ ಪಾದ ಕಾಣುತ್ತಿರಲಿಲ್ಲ. ಒಂದೊಂದು ಮೆಟ್ಟಿಲನ್ನೂ ಹಿಮ್ಮಡಿಯಿಂದ ಮುಟ್ಟಿ ನೋಡಿ ಇಳಿದಳು. ಹಾಗೆ ಇಳಿಯುವುದಕ್ಕೆ ಬಹಳ ಹೊತ್ತು ಹಿಡಿಯಿತು, ಅಷ್ಟು ಹೊತ್ತೂ ಮೈದಾನದ ಎಲ್ಲ ಮುಖಗಳು ಇತ್ತ ತಿರುಗಿದ್ದವು. ಮಾತು ನಿಂತಿತ್ತು. ಹೇಳಬೇಕಾದದ್ದನ್ನು ಹೊಟ್ಟೆ ಆಗಲೇ ಹೇಳಿ ಮುಗಿಸಿತ್ತು. ಆದರೂ ಬಾಯಿಯಿಂದ ಹೇಳಬೇಕು. ಹೂಂ ಎಂದದ್ದು ಬಾಯಿ.

ಮೇಷ್ಟ್ರು ಎದ್ದು ನಿಂತರು.

"ನಾನು ಇವಳ ಅಮ್ಮ" ಎಂದಳು. ಕೆಮ್ಮಿ, ನೆರಳಿನವರೆಗೂ ಕೇಳಿಸುವ ಹಾಗೆ ಮತ್ತೆ ಹೇಳಿದಳು. "ಇವಳ ಅಮ್ಮ ನಾನು. ಒಂಬತ್ತನೇ ತಿಂಗಳು ನನಗೆ ಸಾರ್, ಅವಳಿಗಲ್ಲ. ಅಂಗಡಿಯಲ್ಲಿ ಮೊಮ್ಮಗುವಿಗಾ ಅಂತ ಕೇಳಿದ್ರು, ಹೌದು ಅಂದೆ. ಈ ವಯಸ್ಸಲ್ಲಿ ನನಗೇ ಅಂತ ಹೇಳೋಕೆ ನಾಚಿಕೆ ಆಯ್ತು. ಸುಳ್ಳು ಹೇಳಿದ್ದು ನಾನು. ಅವಳನ್ನ ಓಡಿಸಿ."

ಮೇಷ್ಟ್ರಿಗೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ. ಹೊಟ್ಟೆ ನೋಡಿದರೆ ತಪ್ಪು, ಮುಖ ನೋಡಿದರೆ ಇನ್ನೂ ಕಷ್ಟ, ಹಲಗೆಯನ್ನೇ ನೋಡಿಕೊಂಡು, "ಛೆ ಛೆ, ಅದಕ್ಕೆ ನೀವು ಇಷ್ಟು ದೂರ... ಒಂದು ಫೋನ್ ಮಾಡಿದ್ರೆ ಸಾಕಿತ್ತಲ್ಲಮ್ಮಾ" ಎಂದರು. "ಕೂತ್ಕೊಳ್ಳಿ, ಮೊದಲು ಕೂತ್ಕೊಳ್ಳಿ" ಎಂದು ತಮ್ಮ ಕುರ್ಚಿಯನ್ನೇ ಎತ್ತಿ ಇವಳ ಹಿಂದೆ ಇಟ್ಟರು. ನೆರಳಿನಲ್ಲಿ ಯಾರೋ ಒಬ್ಬಳು ಫಕ್ಕನೆ ನಕ್ಕಳು, ಇನ್ನೊಬ್ಬಳು ಅವಳ ತೊಡೆಗೆ ಬಾರಿಸಿದ್ದು ಕೇಳಿಸಿತು. ತುದಿಯಲ್ಲಿ ಕೂತಿದ್ದ ದುಂಡು ಮುಖದ ಹುಡುಗಿ ಎದ್ದು, ನೀರಿನ ಬಾಟಲಿ ತಂದು ಚಾಚಿ, "ಸಾರಿ ಆಂಟಿ, ನಮ್ಮ ದೊಡ್ಡಮ್ಮನೇ ಹೇಳಿದ್ದು ನನಗೆ. ಅವರು ದಿನಾ ಕೇಳ್ತಾರೆ, ಆ ಓಡೋ ಹುಡುಗಿ ಹೇಗಿದಾಳೆ ಅಂತ" ಎಂದಳು. ಹಲ್ಲಿನ ಆ ಟಕ್ ಸದ್ದು ಇವಳಿಗೆ ನೆನಪಾಯಿತು. ಆಕೆಗೂ ಹೋಗಿ ಹೇಳಬೇಕು. ಇವತ್ತಲ್ಲ. ಒಂದು ದಿನಕ್ಕೆ ಒಂದು.

ಮಗಳು ಎಲ್ಲರಿಂದ ದೂರ, ಸುಣ್ಣದ ಗೆರೆಯ ಆಚೆ ನಿಂತಿದ್ದಳು, ಯಾರ ಕಡೆಯೂ ನೋಡದೆ. ಮುಖದಲ್ಲಿ ಏನಿದೆ ಎಂದು ಬಿಸಿಲಿಗೆ ಕಾಣುತ್ತಿರಲಿಲ್ಲ. ಹೆಸರು ಪಟ್ಟಿಗೆ ಸೇರಿದರೂ ಅವಳು ಇನ್ನೆಂದೂ ನನ್ನ ಮುಖ ನೋಡದಿರಬಹುದು ಎಂದುಕೊಂಡಳು. ಆಗಲಿ. ಎಲ್ಲರೆದುರು ತಂದು ನಿಲ್ಲಿಸಿದ್ದೇನೆ ನನ್ನನ್ನು. ಇಲ್ಲಿಂದ ಮುಂದೆ ಅವಳನ್ನು ನೋಡಿದಾಗಲೆಲ್ಲ ಇವರಿಗೆ ಈ ಹೊಟ್ಟೆ ನೆನಪಾಗುತ್ತದೆ. ಆದರೆ ನನ್ನದಾಗಿ ನೆನಪಾಗುತ್ತದೆ.

"ಏನ್ ನಿಂತ್ಕೊಂಡೆ?" ಮೇಷ್ಟ್ರು ಮಗಳ ಕಡೆ ಜೋರು ಮಾಡಿದರು, ತಮ್ಮ ಮುಜುಗರವನ್ನು ಯಾರ ಮೇಲಾದರೂ ಇಳಿಸಬೇಕಿತ್ತು ಅವರಿಗೆ. "ನಾಲ್ಕು ದಿನದಿಂದ ಪ್ರಾಕ್ಟೀಸ್ ಇಲ್ಲ. ಹೋಗು, ನಾಲ್ಕು ಸುತ್ತು ಹಾಕು, ಮೈ ಬಿಸಿಯಾಗ್ಲಿ."

ಮಗಳು ಹೊರಟಳು. ಮೊದಲು ನಿಧಾನ, ಭುಜ ಕುಗ್ಗಿಸಿಕೊಂಡು, ಎಲ್ಲರ ಕಣ್ಣಿನಿಂದ ಜಾರಿಹೋಗುವವಳ ಹಾಗೆ. ಆ ತುದಿಯ ತಿರುವಿನಲ್ಲಿ ಭುಜ ಬಿಚ್ಚಿಕೊಂಡಿತು. ಅವಳು ಓಡುವುದನ್ನು ಇವಳು ನೋಡಿದ್ದು ಎಷ್ಟು ಸಲ? ಒಂದೋ ಎರಡೋ. ಲ್ಯಾಬಿನ ರಜೆಗೂ ಓಟದ ದಿನಕ್ಕೂ ಯಾವಾಗಲೂ ಹೊಂದುತ್ತಿರಲಿಲ್ಲ. ಊರಿಗೆಲ್ಲ ಹೇಳಿಕೊಂಡು ತಿರುಗಿದ್ದೇ ಹೆಚ್ಚು. ಮೊದಲ ಸುತ್ತು ಮುಗಿಸಿ ಹತ್ತಿರ ಬಂದಾಗ ಮಗಳು ನೆಲ ನೋಡಿಕೊಂಡೇ ದಾಟಿದಳು. ಶೂ ಎಬ್ಬಿಸಿದ ಧೂಳು ಇವಳ ಪಾದದ ಮೇಲೆ ಬಂದು ಕೂತಿತು. ಕಾಲು ನೋಯುತ್ತಿತ್ತು, ಸೊಂಟ ಸೀಳುತ್ತಿತ್ತು, ಕುರ್ಚಿ ಹಿಂದೆಯೇ ಇತ್ತು. ಆದರೆ ಕೂತರೆ ಆ ತುದಿಯ ತಿರುವು ಹುಡುಗಿಯರ ತಲೆಗಳ ಹಿಂದೆ ಮರೆಯಾಗುತ್ತಿತ್ತು. ಕುರ್ಚಿಯ ಬೆನ್ನಿಗೆ ಕೈಯೂರಿ ನಿಂತೇ ಇದ್ದಳು.

ಎರಡನೆಯ ಸುತ್ತಿಗೆ ಮಗಳ ಉಸಿರಿನ ಸದ್ದು ದೂರದಿಂದಲೇ ಕೇಳಿಸಿತು. ಈ ಸಲ ಅವಳು ತಲೆಯೆತ್ತಿದ್ದಳು. ಹುಡುಗಿಯರ ಮುಂದೆ, ಮೇಷ್ಟ್ರ ಮುಂದೆ, ಮೇಲೆ ವರಾಂಡದಲ್ಲಿ ಕಂಬಿ ಹಿಡಿದು ಬಗ್ಗಿ ನೋಡುತ್ತಿದ್ದವರ ಮುಂದೆ, ಓಡುತ್ತಲೇ, ಸಿಟ್ಟಿನಲ್ಲೇ, ಗಂಟಲು ಹರಿಯುವ ಹಾಗೆ ಕೂಗಿದಳು:

"ಅಮ್ಮಾ! ಕೂತ್ಕೋಬಾರ್ದಾ!"

ಕೂಗಿ, ದಾಟಿ ಹೋದಳು. ಮೇಷ್ಟ್ರು ಕುರ್ಚಿಯ ಕಡೆ ಕೈ ತೋರಿಸಿ, ನೋಡಿ, ಅವಳೂ ಹೇಳ್ತಿದಾಳೆ, ಕೂತ್ಕೊಳ್ಳಿ ಎಂದರು. ಅವಳು ಹೂಂ ಹೂಂ ಎಂದಳು. ಆದರೆ ಕೂರಲಿಲ್ಲ. ಇನ್ನೂ ಎರಡು ಸುತ್ತು ಬಾಕಿ ಇದ್ದವು. ಇನ್ನೊಂದು ಸಲ ಬರಲಿ, ಇನ್ನೊಂದು ಸಲ ಬೈಯಲಿ ಎಂದು, ಹೊಟ್ಟೆಯ ಕೆಳಗೆ ಎರಡೂ ಕೈ ಕೊಟ್ಟುಕೊಂಡು, ಬಿಸಿಲಿನಲ್ಲಿ ನಿಂತೇ ಇದ್ದಳು.